ಸುಕ್ಕು ಬಟಾಣಿಯ ಪಾಠ

ಹುಲಗೆಮ್ಮ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಳು. ಕಾರಟಗಿ ಹತ್ತಿರದ ಆ ಪ್ರೌಢಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದು. ವಿಜ್ಞಾನದ ಮಾಸ್ತರ ಗೋವಿಂದರಾಜ, ತರಗತಿಯ ಇಲಿ ಕಾಟಕ್ಕೆ ಹೆದರಿ ತಾನು ಅಡುಗೆಮನೆಯಲ್ಲಿಟ್ಟಿದ್ದ ಬಟಾಣಿ ಡಬ್ಬಿಯನ್ನು ಬೆಳಿಗ್ಗೆ ಬಂದು ಕೇಳಿದಾಗ, ಹೆಮ್ಮೆಯಿಂದ ಬೋಗುಣಿ ತೋರಿಸಿದಳು.

"ನಿನ್ನಿ ಸಂಜಿಕಿನ ನೆನಿ ಹಾಕೀನ್ರಿ ಸರ. ಸಾಹೇಬ್ರು ಬರ್ತಾರಂತಲ್ರಿ, ಉಸುಳಿ ಮಾಡಿದ್ರಾತು!"

ಗೋವಿಂದರಾಜನ ಜೀವ ಬಾಯಿಗೆ ಬಂತು. ಅದು ಉಸುಳಿಯಲ್ಲ, ವಾರದಿಂದ ಕಲಿಸುತ್ತಿದ್ದ ಅನುವಂಶೀಯತೆಯ ಪಾಠ! ಕಣ್ಣು ಕಾಣದ ಸಹನಾ ಮುಟ್ಟಿ ತಿಳಿಯಲೆಂದು, ಹೆಂಡತಿ ಅಮೃತಾಳನ್ನೂ ಕೂರಿಸಿಕೊಂಡು, ಮೂರು ಗುಂಡನೆಯ ಕಾಳಿಗೆ ಒಂದು ಸುಕ್ಕು ಕಾಳಿನಂತೆ ಆರಿಸಿದ್ದ ಬಟಾಣಿ. ಕಿವಿ ಕೇಳದ ಅಕ್ಬರನಿಗಾಗಿ ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದಿದ್ದ. ಇವರಿಬ್ಬರಿಗೆ ಪಾಠ ತಿಳಿಯದಿದ್ದರೆ ದಸರೆ ರಜೆಯ ಹತ್ತು ದಿನ ಕೊಪ್ಪಳದಲ್ಲಿ ಅವನನ್ನು ತರಬೇತಿಗೆ ಕೂರಿಸುತ್ತೇನೆಂದು ಶಿಕ್ಷಣ ಇಲಾಖೆಯ ಸಾಹೇಬರು ಹೇಳಿಹೋಗಿದ್ದರು. ಅಮೃತಾಳಿಗೆ ಕಾರವಾರದ ಸಮುದ್ರ ತೋರಿಸುವ ಮಾತು ಮೂರು ದಸರೆಯಿಂದ ಮುಂದಕ್ಕೆ ಹೋಗುತ್ತಿತ್ತು. ಈ ಸಲವೂ ತಪ್ಪಿದರೆ ಅವನು ಮನೆಯೊಳಗೆ ಕಾಲಿಡುವಂತಿರಲಿಲ್ಲ.

ಈಗ ಬೋಗುಣಿಯಲ್ಲಿ ಹುಡುಕಿದರೂ ಒಂದೂ ಸುಕ್ಕಿಲ್ಲ. ಬೀಗರ ಮನೆಯಲ್ಲಿ ಉಂಡವರ ಹೊಟ್ಟೆಯಂತೆ ಎಲ್ಲವೂ ಉಬ್ಬಿದ್ದವು.

"ಬಿಸಲಿಗೆ ಹರವ್ರಿ, ಒಣಗಿ ಮತ್ತ ಸುಕ್ಕಾಗ್ತಾವ," ಎಂದರು ಹಿಂದಿ ಮಾಸ್ತರ ರಾಜಾಸಾಬ. ಕೇಳದೆಯೇ ಸಲಹೆ ಕೊಡುವ ಧಾರಾಳಿ. ಕೈಗೆ ಸಿಕ್ಕ ಹಾಳೆ ಹಾಸಿ ಅವರೇ ಹರವಿದರು. ಐದೇ ನಿಮಿಷಕ್ಕೆ ಪಕ್ಕದ ಮನೆಯ ದುರಗಮ್ಮನ ಆಡುಗಳು ನುಗ್ಗಿ ಅರ್ಧ ಬಟಾಣಿಯನ್ನೂ ಪೂರ್ತಿ ಹಾಳೆಯನ್ನೂ ತಿಂದು ಮುಗಿಸಿದವು.

"ಅದು ಅಕ್ಬರನ ಚಿತ್ರಾ ರೀ!"

"ಹೌದೇನ್ರಿ? ಧೂಳ ಹತ್ತಬಾರದಂತ ಹಾಸಿದ್ನಿ."

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತರು. ಗೋವಿಂದರಾಜ ಉಳಿದ ಬಟಾಣಿಯನ್ನು ಸಹನಾಳ ಮುಂದಿಟ್ಟ. ಅವಳು ಒಂದೊಂದನ್ನೇ ಸವರಿದಳು.

"ಎಲ್ಲಾ ಗುಂಡಗ ಅದಾವ್ರಿ ಸರ."

ಸಮುದ್ರ ಬತ್ತಿಹೋಯಿತು ಎಂದುಕೊಂಡ ಗೋವಿಂದರಾಜ.

"ಹಂಗಾರ ಇವು ಗುಂಡಂದು, ಸುಕ್ಕಿಂದು ಕೂಡಿಸಿದ ಮೊದಲನೇ ಪೀಳಿಗಿ ಅಲ್ರಿ?" ಸಹನಾ ಮುಂದುವರಿಸಿದಳು. " ಸುಕ್ಕು ಎಲ್ಲೂ ಹೋಗಿಲ್ರಿ, ಒಳಗ ಅಡಗೈತಿ. ಮುಂದಿನ ಪೀಳಿಗ್ಯಾಗ ನಾಕರಾಗ ಒಂದು ಹೊರಗ ಬರ್ತೈತಿ."

ಪಕ್ಕದ ಅಕ್ಬರ ಬಟಾಣಿಗಳನ್ನು ದಿಟ್ಟಿಸಿ, ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟು, ಮತ್ತೆ ಹೊರತೆಗೆದು ನಕ್ಕ. ಅವನಿಗೂ ತಿಳಿದಿತ್ತು! ಇಬ್ಬರನ್ನೂ ಹೊತ್ತು ಕುಣಿಯಬೇಕೆನ್ನುವಷ್ಟು ಖುಷಿ ಗೋವಿಂದರಾಜನಿಗೆ.

ಸಾಹೇಬರು ಚಪ್ಪಾಳೆ ತಟ್ಟಿದರು. "ಭಾಳ ಛಲೋ ಕಲಿಸೀರಿ! ನಿಮಗ್ಯಾಕ್ರಿ ತರಬೇತಿ? ಪಟ್ಟ್ಯಾಗ ನಿಮ್ಮ ಹೆಸರು ಹೊಡದು ಹಾಕೀನಿ ನೋಡ್ರಿ."

"ಭಾಳ ಉಪಕಾರ ಆತ್ರಿ ಸರ!"

"ಉಪಕಾರ ಏನ್ ಬಂತ್ರಿ?" ಸಾಹೇಬರು ಪಟ್ಟಿಯ ಅದೇ ಹಾಳೆಯ ಮೇಲ್ತುದಿಯಲ್ಲಿ ಏನೋ ಬರೆದರು. "ಕಲಿಯೋರ ಪಟ್ಟ್ಯಾಗಿಂದ ತಗದು ಕಲಿಸೋರ ಪಟ್ಟಿಗೆ ಹಾಕೀನಿ. ಹತ್ತೂ ದಿನ ಪಾಠ ನಿಮ್ಮದ ರೀ."