ಗುಡುಸಾಬ ಮಾಸ್ತರರು ಗುಡ್ಡ ಹತ್ತಿದ್ದು

ಬಸವನ ಬಾಗೇವಾಡಿಯ ಶಾಲೆಯೊಂದರಲ್ಲಿ ಗುಡುಸಾಬ ಮಾಸ್ತರರು ಇಪ್ಪತ್ತೆಂಟು ವರ್ಷ ಪಶ್ಚಿಮ ಘಟ್ಟವನ್ನು ಬೋರ್ಡಿನ ಮೇಲೆ ಬಿಡಿಸಿದ್ದರು. ಈ ಸಲ ಎಂಟನೇ ಇಯತ್ತೆಯ ಪ್ರಜ್ಞಾ ಎದ್ದುನಿಂತು, "ಸರ್, ನೀವು ಒಮ್ಮೆರೆ ಅದನ್ನ ಹತ್ತೀರೇನ್ರಿ?" ಎಂದು ಕೇಳಿಬಿಟ್ಟಳು. ಬೋರ್ಡಿನ ಮೇಲೆ ಗೀಚುತ್ತಿದ್ದ ಮಾಸ್ತರರ ಕೈಯಲ್ಲಿನ ಸುಣ್ಣದ ಖಡು ಅಲ್ಲೇ ನಿಂತಿತು.

ದಸರಾ ರಜೆಗೆ ಇಬ್ಬರು ಸಹೋದ್ಯೋಗಿಗಳ ಜೊತೆ ಕುದುರೆಮುಖದ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೇಬಿಟ್ಟರು.

ಅಲ್ಲಿ ರಕ್ತ ಹೀರುವ ಇಂಬಳಗಳಿವೆ ಎಂದು ಗೈಡ್ ಹೇಳಿದ್ದೇ ತಡ, ಕೌಸರ ಟೀಚರ್ ಮಾಸ್ತರರ ಕಾಲುಚೀಲಕ್ಕೆ ಹಿಡಿ ಉಪ್ಪು ಸುರಿದರು.

"ಬರೇ ಉಪ್ಪು ಸಾಲಂಗಿಲ್ರಿ," ಎಂದು ಪಿ.ಟಿ. ಮಾಸ್ತರ ಧರೆಪ್ಪ ತನ್ನ ತಂಬಾಕನ್ನೂ ಅದರೊಳಗೆ ಕೊಡವಿದ.

ಹಳ್ಳ ದಾಟುವಾಗ ನೀರು ಒಳಹೊಕ್ಕಿತು. ಇಂಬಳ ಹತ್ತಿರ ಸುಳಿಯಲಿಲ್ಲ, ನಿಜ. ಆದರೆ ಅರ್ಧ ದಾರಿಗೆ ಮಾಸ್ತರರ ಪಾದಗಳು ಭರಣಿಯೊಳಗಿನ ಮಾವಿನ ಹೋಳಿನಂತೆ ಸುಕ್ಕುಗಟ್ಟಿ ಉರಿಯತೊಡಗಿದವು.

"ನನ್ನ ಕೈಲೆ ಆಗೂದಿಲ್ಲ. ನೀವು ಮುಂದ ನಡೀರಿ."

"ಈ ಬಂಡೆ ಬಿಟ್ಟು ಕದಲಬೇಡಿ ಸರ್," ಎಂದ ಗೈಡ್. "ನಾಳೆ ನಿಮ್ಮೊಬ್ಬರನ್ನೇ ನಿಧಾನಕ್ಕೆ ತುದಿಗೆ ಕರ್ಕೊಂಡು ಹೋಗ್ತೇನೆ."

ಮಾಸ್ತರರು ಕೂತರು. ಬೋರ್ಡಿನ ಮೇಲೆ ಅವರು ಮೂರು ತ್ರಿಕೋನ ಎಳೆದು ಪರ್ವತ ಎನ್ನುತ್ತಿದ್ದರು. ಇಲ್ಲಿ ಒಂದೂ ತ್ರಿಕೋನವಿರಲಿಲ್ಲ. ಮಲಗಿದ ದನಗಳ ಬೆನ್ನಿನಂತೆ ಗುಡ್ಡದ ಹಿಂದೆ ಗುಡ್ಡ. ಅಷ್ಟರಲ್ಲಿ ಕೆಳಗಿನ ಮರಗಳ ನಡುವಿನಿಂದ ಕಾಡುಕೋಣವೊಂದು ಕರುವಿನೊಡನೆ ಹೊರಬಂತು. ನಿಂತು ಅವರನ್ನೇ ನೋಡಿತು. ಮೂಗಿನ ಹಬೆ ಮಂಜಿಗೆ ಸೇರುತ್ತಿತ್ತು. ಇಷ್ಟು ವರ್ಷ ಮಕ್ಕಳಿಗೆ ಉಸಿರಿಲ್ಲದ ಗುಡ್ಡ ಕಲಿಸಿದೆನಲ್ಲ ಎಂದು ಮಾಸ್ತರರ ಕಣ್ಣು ತೇವವಾಯಿತು. ಪಾದದ ಉರಿಯೂ ಮರೆತುಹೋಗಿತ್ತು.

ತುದಿಯಲ್ಲಿ ಬರೀ ಮಂಜು ಕಂಡು, ತೊಯ್ದು ತೊಪ್ಪೆಯಾಗಿ ಉಳಿದವರು ಇಳಿದು ಬಂದರು. ಮಾಸ್ತರರ ಕತೆ ಕೇಳಿ ಧರೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿದ್ದಿಗಣ್ಣಾಗ ಕಂಡೀರಿ ಸರ್! ನಮ್ಮೂರ ಕಡೀ ನಿಡಗುಂದಿ ಎಮ್ಮಿ ಕನಸಿನ್ಯಾಗ ಬಂದಿರಬೇಕು."

"ಫೋಟೋನೂ ಇಲ್ಲ, ಏನೂ ಇಲ್ಲ," ಎಂದು ಕೌಸರ ಟೀಚರ್ ಸೇರಿಸಿದರು.

ಮಾಸ್ತರರಿಗೆ ಅವಮಾನ ತಡೆಯಲಾಗಲಿಲ್ಲ. ಕುಂಟುತ್ತಲೇ ಗೈಡಿನ ಕೈ ಹಿಡಿದು ಎಳೆದೊಯ್ದು ಕೆಸರಿನಲ್ಲಿ ಮೂಡಿದ ಗೊರಸಿನ ಗುರುತು ತೋರಿಸಿದರು. "ನೋಡ್ರಿ! ದೊಡ್ಡದು ತಾಯೀದು, ಸಣ್ಣದು ಕರೂಂದು. ನಾ ಸುಳ್ಳ ಹೇಳಾಂವಲ್ಲ!"

ಗೈಡ್ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಸರ್ ಹೇಳಿದ್ದು ನಿಜ."

ಮಾಸ್ತರರು ಎದೆಯುಬ್ಬಿಸಿ, ಹಿಂದೆಯೇ ಬಂದಿದ್ದ ಧರೆಪ್ಪನ ಕಡೆ ತಿರುಗಿದರು.

"ಎಳೆಗರು," ಗೈಡ್ ಎದ್ದು ಫೋನು ತೆಗೆದ. "ತಾಯಿ ಮೈಮೇಲೆ ಏರಿ ಬರ್ತದೆ. ಆಫೀಸಿಗೆ ತಿಳಿಸಬೇಕು. ಇನ್ನೊಂದು ವಾರ ಈ ದಾರಿ ಬಂದ್. ನಾಳೆ ನಿಮ್ಮನ್ನೂ ಬಿಡೋಹಾಗಿಲ್ಲ ಸರ್."

ಮಾಸ್ತರರು ಗೊರಸಿನ ಗುರುತನ್ನೊಮ್ಮೆ, ಮಂಜಿನೊಳಗಿನ ತುದಿಯನ್ನೊಮ್ಮೆ ನೋಡಿದರು. ಆಮೇಲೆ ಗೈಡಿನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದರು:

"ನಿದ್ದಿಗಣ್ಣಾಗೂ ಕಂಡಿರಬಹುದ್ರಿ..."