ಹಿಂದಿನ ಸೀಟು ಕೀಳಿಸಿದ್ದು

ನಮ್ಮ ಕಡೆ ತೆಂಗಿನಕಾಯಿಯ ನೆಪ ಹೇಳಿದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಮದುವೆಗೆ ಹೋಗದೆ ತಪ್ಪಿಸಿಕೊಂಡು "ಕಾಯಿ ಕೀಳಿಸೋದಿತ್ತು" ಅಂದರೆ ಸಾಕು, ಬೀಗರೂ ತಲೆದೂಗಿ ಸುಮ್ಮನಾಗುತ್ತಾರೆ. ಬೀದಿಯವರೆಲ್ಲ ಮಾರುತಿಗೆ ದುಡ್ಡು ಕೂಡಿಡುತ್ತಿದ್ದ ಆ ಕಾಲದಲ್ಲಿ ನಾನು ನನ್ನ ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಸೀಟು ಕೀಳಿಸಿದೆ. ಗುಬ್ಬಿಯ ತೋಟದಿಂದ ಕಾಯಿ ತರುವುದಕ್ಕೆ ಎಂದು ತುಮಕೂರಿನ ಸದಾಶಿವನಗರದ ನಮ್ಮ ಬೀದಿಗೆಲ್ಲ ಹೇಳಿದೆ. ಎಲ್ಲರೂ ನಂಬಿದರು. ಗ್ಯಾರೇಜಿನ ಸಾಬರು ಮಾತ್ರ, "ಕಾಯಿ ತುಂಬೋಕೆ ಕಾರ್ಪೆಟ್ ಯಾಕೆ ಸಾರ್? ಗೋಣಿಚೀಲ ಸಾಕಲ್ವಾ" ಎಂದರು. "ಕಾಯಿಗೆ ಏಟು ಬೀಳಬಾರದಲ್ಲ" ಎಂದೆ. ಅಷ್ಟೆತ್ತರದ ಮರದಿಂದ ದೊಪ್ಪನೆ ಬೀಳುವ ಕಾಯಿಯ ಬಗ್ಗೆ, ಜೀವಮಾನವೆಲ್ಲ ಗಣಿತ ಹೇಳಿಕೊಟ್ಟ ನನ್ನಂಥ ಮೇಷ್ಟ್ರು ಆಡಿದ ಮಾತು ಅದು. ಪುಣ್ಯಕ್ಕೆ ಸಾಬರು ನಗಲಿಲ್ಲ.

ನಿಜ ಹೇಳಿಬಿಡುತ್ತೇನೆ. ನನ್ನವಳು ಯಾವಾಗಲೂ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಮುಂದೆ ಕೂತರೆ ಎದುರಿಗೆ ಬರುವ ಲಾರಿಗಳೆಲ್ಲ ತನ್ನನ್ನೇ ಹುಡುಕಿಕೊಂಡು ಬರುತ್ತವೆ ಎಂಬುದು ಅವಳ ಗುಮಾನಿ. ನೋಡಿದವರು ನನ್ನನ್ನು ಅವಳ ಡ್ರೈವರ್ ಎಂದುಕೊಳ್ಳುತ್ತಿದ್ದರು. ಅವಳು ತೀರಿಕೊಂಡ ಮೇಲೆ ಆ ಸೀಟು ಖಾಲಿ ಬಿದ್ದಿರುವುದನ್ನು ನನಗೆ ನೋಡಲಾಗಲಿಲ್ಲ. ಮನೆಯಲ್ಲಿ ಮಕ್ಕಳುಮರಿಯೂ ಇಲ್ಲ. ಸೀಟು ಹೋದರೆ ಬೇಸರವೂ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಹಲಗೆ ಬಡಿದು, ಮೇಲೆ ಮರೂನ್ ಬಣ್ಣದ ಕಾರ್ಪೆಟ್ ಅಂಟಿಸಿದ ಮೇಲೆ ಬೇಸರಕ್ಕೂ ಹಾಯಾಗಿ ಮಲಗಲು ಜಾಗವಾಯಿತು, ಅಷ್ಟೆ. ಅಂಥ ಚೆಂದದ ಕಾರ್ಪೆಟ್ ಮೇಲೆ ಕಾಯಿ ಸುರಿಯಲು ಮನಸ್ಸು ಬಾರದೆ, ಕಾಯಿಗಳು ಮೊದಲಿನಂತೆ ಟೆಂಪೋದಲ್ಲೇ ಬರುತ್ತಿದ್ದವು.

ಪಕ್ಕದ ಮನೆಯ ಶಿವಣ್ಣ ಬಸ್ ಡ್ರೈವರ್. ಒಂದು ಸೋಮವಾರ ರಜೆ ಹಾಕಿ ಬಂದು, "ಸಾರ್, ಮನೆಯವ್ರೆಲ್ಲ ಯಡಿಯೂರಿಗೆ ಹೋಗ್ಬರಾಣ ಅಂತವ್ರೆ. ನಿಮ್ ಕಾರಲ್ಲಿ ಹೋಗಣ್ವಾ?" ಎಂದ.

"ಸೀಟೇ ಇಲ್ವಲ್ಲಪ್ಪ."

"ಸೀಟಿದ್ರೆ ಮೂರೇ ಜನ ಸಾರ್. ಪಂಕ್ತಿಗೆ ಕೂತಂಗೆ ಕೂತ್ರೆ ಇಡೀ ಮನೇನೇ ಹಿಡೀತದೆ."

ಹಿಡಿಸಿತು. ಶಿವಣ್ಣ, ಅವನ ಹೆಂಡತಿ ರತ್ನ, ಅತ್ತೆ, ಇಬ್ಬರು ಹೆಣ್ಣುಮಕ್ಕಳು ಚಪ್ಪಲಿಗಳನ್ನು ಡಿಕ್ಕಿಯಲ್ಲಿಟ್ಟು ಚಕ್ಕಳಮಕ್ಕಳ ಹಾಕಿ ಕೂತರು. ಹಣ್ಣುಕಾಯಿ ಬುಟ್ಟಿಗೆ ಯಾರ ಕಾಲೂ ತಗಲಬಾರದೆಂದು ಅದನ್ನು ಮುಂದೆ, ನನ್ನ ಪಕ್ಕದಲ್ಲಿ ಕೂರಿಸಿದರು. ಗೂಳೂರು ದಾಟುವುದರೊಳಗೆ ಹಿಂದೆ ಚಕ್ಕುಲಿ ಡಬ್ಬಿ ತೆರೆಯಿತು. ಅತ್ತೆ ಯಾವುದೋ ಬೀಗಿತ್ತಿಯ ಮಾತನ್ನು ಅಣಕಿಸುತ್ತಿದ್ದರೆ ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಬುಟ್ಟಿಯೊಂದೇ ಜೊತೆ. ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಪೂಜೆ ಮುಗಿಸಿ ವಾಪಸ್ಸು ಹೊರಡುವಾಗ, ಕಾಲು ಹಿಡಿದುಕೊಂಡಿದೆ ಎಂದು ಹೇಳಿ ಕೀಲಿಕೈಯನ್ನು ಶಿವಣ್ಣನಿಗೆ ಕೊಟ್ಟೆ. ರಜೆಯ ದಿನ ಸ್ಟಿಯರಿಂಗ್ ಮುಟ್ಟುವುದಿಲ್ಲವೆಂಬ ವ್ರತ ಮುರಿದು ಅವನು ಮುಂದೆ ಹೋದ. ನಾನು ಹಿಂದೆ ಹೋಗಿ ಕಾರ್ಪೆಟ್ ಮೇಲೆ ಕೂತೆ. ತಕ್ಷಣ ಮಾತು ನಿಂತಿತು. ರತ್ನ ಸೆರಗು ಸರಿಮಾಡಿಕೊಂಡು, "ಸಾರ್ ಕೂತವ್ರೆ, ಕಾಲು ಮಡಚ್ಕೊಳ್ರೇ" ಎಂದು ಮಕ್ಕಳನ್ನು ಗದರಿದಳು. ಅತ್ತೆ ಕಣ್ಣು ಮುಚ್ಚಿ ಶಿವನಾಮಕ್ಕೆ ಶುರುವಿಟ್ಟರು. ನಾನಾದರೂ ಏನಾದರೂ ತಮಾಷೆ ಮಾಡೋಣವೆಂದು ದೊಡ್ಡ ಹುಡುಗಿಗೆ, "ಹದಿನೇಳರ ಮಗ್ಗಿ ಬರುತ್ತೇನಮ್ಮ?" ಎಂದೆ. ಅವಳು ಕೈಕಟ್ಟಿಕೊಂಡು ಪೂರ್ತಿ ಒಪ್ಪಿಸಿದಳು. ಆಮೇಲೆ ಕುಣಿಗಲ್ ಬರುವವರೆಗೂ ಯಾರೂ ತುಟಿ ಎರಡು ಮಾಡಲಿಲ್ಲ.

ಕುಣಿಗಲ್ಲಿನಲ್ಲಿ ಟೀ ಕುಡಿದು, ಕಾಲು ಸರಿಹೋಯಿತೆಂದು ಹೇಳಿ ಕೀಲಿಕೈ ಇಸಿದುಕೊಂಡೆ. ಊರು ದಾಟಿದ್ದೇ ತಡ, ಹಿಂದೆ ಮತ್ತೆ ಗುಸುಗುಸು, ಮತ್ತೆ ಕಿಸಿಕಿಸಿ. ತುಮಕೂರು ಬಂದರೆ ಎಲ್ಲರೂ ಇಳಿದುಹೋಗುತ್ತಾರಲ್ಲ ಎಂದು ನಾನು ಬೇಕೆಂದೇ ನಿಧಾನವಾಗಿ ಓಡಿಸಿದೆ. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ. ಅತ್ತೆ ಪಿಸುಗುಟ್ಟಿದರು: "ನಿಮ್ ಮೇಷ್ಟ್ರು ಕಾರ್ ಓಡುಸ್ತಾವ್ರೋ, ಎಮ್ಮೆ ಮೇಯುಸ್ತಾವ್ರೋ?"

ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೂ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದುಕೊಂಡೆ. ನನಗೆ ಕೇಳಿಸಿತೆಂದು ಗೊತ್ತಾದರೆ ನಿಲ್ಲಿಸಿಬಿಡುತ್ತಾರೆ.