ದುಃಖದ ಪಾಠಕ್ಕೊಬ್ಬ ಭಾವಮೈದುನ

ಡಿಕ್ಷನರಿ ಮೇಷ್ಟ್ರು ಎಂದೇ ಹೆಸರಾದ ಇಂಗ್ಲಿಷ್ ಮೇಷ್ಟ್ರಿಗೆ ಜಗತ್ತಿನ ಮೇಲಿದ್ದ ದೂರು ಒಂದೇ. ಏನೇ ಆಗಲಿ, ಜನ 'ಸ್ಯಾಡ್' ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಚಪ್ಪಲಿ ಕಳೆದರೂ ಸ್ಯಾಡ್, ಚಿಕ್ಕಪ್ಪ ತೀರಿಕೊಂಡರೂ ಸ್ಯಾಡ್! ಚಪ್ಪಲಿಗೂ ಚಿಕ್ಕಪ್ಪನಿಗೂ ವ್ಯತ್ಯಾಸ ಬೇಡವೇ?

ಸಂಜೆ ಅವರ ಮನೆಯ ಹಾಲ್‌ನಲ್ಲೇ ಟ್ಯೂಷನ್. ಬಡ್ತಿ ಪರೀಕ್ಷೆ ಕಟ್ಟಿದ ದೊಡ್ಡವರೇ ಶಿಷ್ಯರು: ಬಸ್ ಕಂಡಕ್ಟರ್, ನರ್ಸಮ್ಮ, ಪೋಸ್ಟ್‌ಮ್ಯಾನ್, ಇನ್ನೂ ಕೆಲವರು. ಸಾರೋ, ಗ್ರೀಫ್, ಡಿಸ್ಟ್ರೆಸ್, ಮಿಸರಿ ಎಂದು ಮೇಷ್ಟ್ರು ಗಂಟಲು ಹರಿದುಕೊಂಡರೂ ಯಾರ ತಲೆಗೂ ಹತ್ತಲಿಲ್ಲ.

"ನಾಲ್ಕಕ್ಕೂ ದುಃಖ ಅಂತ ಬರೆದ್ರೆ ಆಗಲ್ವಾ ಸಾರ್?" ಎಂದ ಕಂಡಕ್ಟರ್.

ಮೇಷ್ಟ್ರ ಎದೆಗೆ ಚುಚ್ಚಿದಂತಾಯಿತು. ಆಗಲೇ ಹೊಳೆದದ್ದು ಆ ಮಹೋಪಾಯ. ಮನೆಯಲ್ಲೇ ಉದಾಹರಣೆ ಇರುವಾಗ ಪುಸ್ತಕದಲ್ಲಿ ಹುಡುಕುವುದೇಕೆ? ಹೆಂಡತಿಯ ತಮ್ಮ ಹಿಂದೆ ಸ್ವಂತ ಮನೆ ಕಟ್ಟಿಸುವಾಗ ತಿಂಗಳುಗಟ್ಟಲೆ ಇವರಲ್ಲೇ ಬಿಡಾರ ಹೂಡಿದ್ದನಲ್ಲ! (ಟ್ಯೂಷನ್ ಹೊತ್ತಿಗೆ ಹೆಂಡತಿ ಗದ್ದಲ ತಾಳದೆ ತಾರಸಿಗೆ ಹೋಗಿಬಿಡುತ್ತಿದ್ದಳು. ಹಾಗಾಗಿ ಮೇಷ್ಟ್ರ ನಾಲಿಗೆಗೆ ಪೂರ್ಣ ಸ್ವಾತಂತ್ರ್ಯ.) ಅವತ್ತಿನಿಂದ ಪಾಠ ನೀರು ಕುಡಿದಷ್ಟು ಸಲೀಸಾಯಿತು. ಶಿಷ್ಯರು ದುಪ್ಪಟ್ಟಾದರು. ಬಾಗಿಲಲ್ಲಿ ಚಪ್ಪಲಿಗಳೂ.

"ನನ್ನ ಮನೆಗೆ ನಾನು ಬರೋಕೆ ಚಪ್ಪಲಿ ರಾಶಿ ಹಾರ್ಬೇಕು," ಎಂದಳು ಹೆಂಡತಿ. "ಈ ತಿಂಗಳು ಮುಗಿದ್ಮೇಲೆ ಹಾಲ್‌ನಲ್ಲಿ ಟ್ಯೂಷನ್ ಇಲ್ಲ. ನನ್ನ ತಮ್ಮನ ಅಂಗಡಿ ಮೇಲೆ ರೂಮು ಖಾಲಿ ಇದೆ. ನಾಳೆ ಅವನೇ ಪಾಠ ನೋಡೋಕೆ ಬರ್ತಾನೆ. ಅವನಿಗೆ ಮೆಚ್ಚುಗೆಯಾದ್ರೆ ರೂಮು ನಿಮ್ಮದು, ಇಲ್ದಿದ್ರೆ ಟ್ಯೂಷನ್‌ಗೆ ಬೀಗ."

ಪಾಠದ ಉದಾಹರಣೆಯೇ ಪಾಠ ನೋಡಲು ಬರುತ್ತದಲ್ಲ ಎಂದು ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು.

ಮರುದಿನ ಭಾವಮೈದುನ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಯಾರಿಗೂ ಅವನ ಗುರುತಿಲ್ಲ. ಅಂದು ಹೆಂಡತಿಯೂ ತಾರಸಿಗೆ ಹೋಗದೆ ಅಡುಗೆಮನೆ ಬಾಗಿಲಲ್ಲಿ ನಿಂತಳು. ಮೇಷ್ಟ್ರು ಜಾಣತನದಿಂದ ವ್ಯಾಕರಣ ಹಿಡಿದರು. ಐದೇ ನಿಮಿಷಕ್ಕೆ ಭಾವಮೈದುನ ಆಕಳಿಸಿದ.

"ಮೇಷ್ಟ್ರೇ, ನಿಮ್ಮ ದುಃಖದ ಪಾಠ ಬಹಳ ಫೇಮಸ್ ಅಂತೆ. ಅದನ್ನೇ ಸ್ವಲ್ಪ ಕೇಳೋಣ."

"ಅದು ಸಿಲಬಸ್‌ನಲ್ಲಿ ಇಲ್ಲಪ್ಪ..."

"ಇದೆ ಸಾರ್!" ಎಂದು ಕಂಡಕ್ಟರ್ ಎದ್ದೇ ಬಿಟ್ಟ. ಅವನ ದನಿಯೋ, ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುವಂಥದ್ದು. "ಮೇಷ್ಟ್ರ ಭಾವಮೈದುನ 'ಬರ್ತೀನಿ' ಅಂತ ಫೋನ್ ಮಾಡಿದಾಗ ಮನಸ್ಸು ಸದ್ದಿಲ್ಲದೆ ಭಾರ ಆಗುತ್ತಲ್ಲ, ಅದು ಸಾರೋ. ಅವನು ಕೂತ ಏಟಿಗೆ ಅಪ್ಪನ ಕಾಲದ ಆರಾಮ್ ಕುರ್ಚಿ ಮುರೀತು, ಇನ್ನು ಆ ಕುರ್ಚಿ ಬರಲ್ಲ. ಕಳ್ಕೊಂಡ ಸಂಕಟ, ಗ್ರೀಫ್. ಬೆಳಿಗ್ಗೆ ಅವನು ಬಾತ್‌ರೂಮ್ ಹೊಕ್ಕು ಹಾಡ್ತಾನೆ, ಹೊರಗೆ ಮೇಷ್ಟ್ರಿಗೆ ಅವಸರ, ಯಾರಾದ್ರೂ ಕಾಪಾಡಿ ಅನ್ನೋ ಸ್ಥಿತಿ. ಡಿಸ್ಟ್ರೆಸ್! 'ಭಾನುವಾರ ಹೋಗ್ತೀನಿ' ಅಂದವನು ಎಷ್ಟು ಭಾನುವಾರ ಕಳೆದ್ರೂ ಹೋಗಲ್ಲ, ಕೊನೆ ಅನ್ನೋದೇ ಕಾಣಲ್ಲ. ಅದು ಮಿಸರಿ."

ಕ್ಲಾಸು ಚಪ್ಪಾಳೆ ತಟ್ಟಿತು. ಮೇಷ್ಟ್ರು ಮಾತ್ರ ಡಸ್ಟರಿನಿಂದ ಹಣೆಯ ಬೆವರು ಒರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡರು. ರೂಮು ಕೈಬಿಟ್ಟು ಹೋಯಿತೆಂದು ಅವರಿಗೆ ಅಳುವೇ ಬಂದಿತ್ತು.

"ಅರ್ಥ ಸರಿಯಾಗಿದೆ, ಉದಾಹರಣೆ ತಪ್ಪು," ಎನ್ನುತ್ತ ಹೆಂಡತಿ ಮುಂದೆ ಬಂದಳು. ಮದುವೆಯಾದಾಗಿನಿಂದ ಊಟದ ಜೊತೆಗೆ ಇವೇ ಪದಗಳನ್ನು ನುಂಗಿದವಳು ಅವಳು. "ಬರ್ಕೊಳ್ಳಿ. ನಮ್ಮಪ್ಪ ಈ ಸಂಬಂಧಕ್ಕೆ ಹೂಂ ಅಂದ ದಿನದಿಂದ ಮನಸ್ಸಿನ ಮೂಲೇಲಿ ಏನೋ ಕೂತಿದೆಯಲ್ಲ, ಅದು ಸಾರೋ. ಅಮ್ಮ ಕೊಟ್ಟ ಹೊಲಿಗೆ ಮೆಷಿನ್ನನ್ನ ಇವರು ರಿಪೇರಿ ಮಾಡ್ತೀನಿ ಅಂತ ಬಿಚ್ಚಿದ್ರು, ಅದು ಗುಜರಿಗೆ ಹೋಯ್ತು. ಗ್ರೀಫ್. ಒಲೆ ಹತ್ರ ಬಟ್ಟೆಗೆ ಬೆಂಕಿ ಹತ್ತಿ 'ಬನ್ನೀ' ಅಂತ ಕೂಗಿದ್ರೆ, 'ಫೈರೋ ಫ್ಲೇಮೋ, ಸರಿಯಾಗಿ ಹೇಳು' ಅಂದ್ರು. ಡಿಸ್ಟ್ರೆಸ್."

"ಮಿಸರಿ, ಮೇಡಂ?" ಎಂದಳು ನರ್ಸಮ್ಮ.

"ಅದಕ್ಕೆ ಉದಾಹರಣೆ ಯಾಕೆ? ಎದುರಿಗೇ ನಿಂತಿದ್ದಾರಲ್ಲ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಭಾವಮೈದುನ. ಕಣ್ಣೊರೆಸಿಕೊಂಡು ಕೀಲಿಕೈ ತೆಗೆದ. ಮೇಷ್ಟ್ರು ಆಸೆಯಿಂದ ಕೈ ಚಾಚಿದರು. ಕೀಲಿ ಅವರನ್ನು ದಾಟಿ ಹೆಂಡತಿಯ ಕೈ ಸೇರಿತು.

"ಅಕ್ಕ, ರೂಮು ನಿನಗೆ. ಅರ್ಥ ನೀನು ಹೇಳ್ಕೊಡು. ವ್ಯಾಕರಣ ಬೇಕಾದ್ರೆ ಭಾವ ಹೇಳ್ಲಿ, ಟೈಮ್ ಉಳಿದ್ರೆ."

ಮುಂದಿನ ವಾರ ಕಪ್ಪು ಹಲಗೆಯನ್ನು ತಲೆಯ ಮೇಲೆ ಹೊತ್ತು ಅಂಗಡಿಯ ಮೆಟ್ಟಿಲು ಹತ್ತಿದವರು ಡಿಕ್ಷನರಿ ಮೇಷ್ಟ್ರೇ. ಒಳಗೆ ಆಗಲೇ ಪಾಠ ಶುರುವಾಗಿತ್ತು.

"ಮೇಡಂ, ಹ್ಯಾಪಿನೆಸ್‌ಗೂ ಜಾಯ್‌ಗೂ ಏನು ವ್ಯತ್ಯಾಸ?"

ಮೇಷ್ಟ್ರು ಬಾಗಿಲಲ್ಲೇ ನಿಂತರು. ಇಷ್ಟು ವರ್ಷದ ಸಂಸಾರದಲ್ಲಿ ತಮ್ಮದೂ ಒಂದಾದರೂ ಒಳ್ಳೆಯ ಉದಾಹರಣೆ ಇದ್ದೀತು ಎಂದು ಕಿವಿ ನಿಮಿರಿಸಿದರು.

"ಸಂಜೆ ಹೊತ್ತು ನಮ್ಮನೆ ಹಾಲ್‌ನಲ್ಲಿ ಶಿಷ್ಯರು ಯಾರೂ ಇಲ್ದಿದ್ರೆ ಹ್ಯಾಪಿನೆಸ್," ಎಂದಳು ಹೆಂಡತಿ. "ಮೇಷ್ಟ್ರೂ ಇಲ್ದಿದ್ರೆ ಜಾಯ್."

ಮೇಷ್ಟ್ರು ಹಲಗೆ ಹೊತ್ತುಕೊಂಡೇ ಅದರಲ್ಲಿ ತಪ್ಪು ಹುಡುಕಿದರು. ಒಂದೂ ಸಿಗಲಿಲ್ಲ.